ಸರಾಸರಿ ನಾಲ್ಕು ಮಹಡಿ

ಲಿಫ್ಟಿನ ಬಾಗಿಲಿಗೆ ಮತ್ತೊಂದು ಚೀಟಿ ಬಂದಿತ್ತು. ಚೀಟಿ ಕಂಡರೆ ಕಲ್ಲವ್ವನ ಮೈಯುರಿಯುತ್ತದೆ. ಹನ್ನೊಂದು ವರ್ಷದಿಂದ ಈ ಗೋಡೆಗಳನ್ನು ಒರೆಸುತ್ತಿದ್ದಾಳೆ. ಅವಳಿಗೆ ಒಳ್ಳೆಯದಾಗುವ ಒಂದೇ ಒಂದು ಮಾತನ್ನು ಯಾರೂ ಬರೆದು ಅಂಟಿಸಿಲ್ಲ. ಇಲ್ಲಿ ಕೂರಬೇಡಿ, ಅಲ್ಲಿ ನೀರು ಕುಡಿಯಬೇಡಿ, ಈ ಕುರ್ಚಿ ಸದಸ್ಯರಿಗೆ ಮಾತ್ರ. ಒಳ್ಳೆಯ ಮಾತಿದ್ದರೆ ಬಾಯಲ್ಲಿ ಹೇಳುತ್ತಾರೆ, ಮರುದಿನ ಮರೆಯುತ್ತಾರೆ. ಬೇಡ ಎನ್ನುವುದಿದ್ದರೆ ಮಾತ್ರ ಟೈಪ್ ಮಾಡಿಸಿ, ಸಿಕ್ಕಾ ಒತ್ತಿ, ಟೇಪು ಹಚ್ಚುತ್ತಾರೆ. ಆ ಟೇಪಿನ ಅಂಟು ಕೆರೆಯುವವಳೂ ಕಲ್ಲವ್ವನೇ.

ಖಾರಘರದ ಗುಡ್ಡದ ಕೆಳಗೆ ಇಪ್ಪತ್ತು ಮಹಡಿಯ ಟವರು. ಹೆಸರು ಗಿರಿದರ್ಶನ, ನಡೆಸುವುದು ಮನೆ ಮಾಲೀಕರ ಸೊಸೈಟಿ. ಮನೆಯವರಿಗೆ ಕಿಟಕಿಯಿಂದ ಗುಡ್ಡ ಕಾಣುತ್ತದೆ. ಕಲ್ಲವ್ವನ ಗುಡ್ಡ ಕಟ್ಟಡದ ಒಳಗೇ ಇದೆ, ಅದಕ್ಕೆ ಮೆಟ್ಟಿಲಿವೆ. ಬೆಳಗ್ಗೆ ಖಾಲಿ ಚೀಲ ಹೆಗಲಿಗೆ ಹಾಕಿ ಇಪ್ಪತ್ತು ಮಹಡಿ ಹತ್ತಬೇಕು, ಬಾಗಿಲು ಬಾಗಿಲಿನ ಕಸ ತುಂಬಿಕೊಂಡು ಇಳಿಯಬೇಕು. ಆಮೇಲೆ ಬಕೆಟ್ಟು, ಪೋಚಾ ಹಿಡಿದು ಮತ್ತೆ ಇಪ್ಪತ್ತು ಹತ್ತಬೇಕು, ಮೆಟ್ಟಿಲು ಒರೆಸುತ್ತ ಇಳಿಯಬೇಕು. ದಿನಕ್ಕೆ ನಲವತ್ತು ಮಹಡಿ. ಹೇಳುವುದಕ್ಕೆ ಒಂದೇ ಉಸಿರು ಸಾಕು. ಹತ್ತುವುದಕ್ಕೆ ಸಾಲುವುದಿಲ್ಲ.

ಎರಡು ತಿಂಗಳ ಹಿಂದಿನವರೆಗೆ ಅವಳೂ ಲಿಫ್ಟಿನಲ್ಲೇ ಹೋಗುತ್ತಿದ್ದಳು. ಇದ್ದ ಎರಡು ಲಿಫ್ಟಿನಲ್ಲಿ ಒಂದು ಕೆಟ್ಟು ಕೂತಿತು. ಹನ್ನೆರಡನೆಯ ಮಹಡಿಯ ಯಾರದೋ ಮೂಗಿಗೆ ಉಳಿದ ಲಿಫ್ಟಿನಲ್ಲಿ ಕಸದ ವಾಸನೆ ಬಡಿಯಿತು. ಆಯಿತು, ಚೀಟಿ ಬಂತು: ಸೊಸೈಟಿಯ ಕೆಲಸದವರು ಲಿಫ್ಟ್ ಬಳಸಬಾರದು. ಮನೆಗೆಲಸದ ಹೆಂಗಸರಿಗೆ ಬಿಟ್ಟರು, ಇಲ್ಲದಿದ್ದರೆ ಮಾಲೀಕರಿಗೆ ಚಹಾ ತಡವಾಗುತ್ತದಲ್ಲ. ಹದಿಮೂರನೆಯ ಮಹಡಿಯ ಬ್ರೂನೋಗೂ ಬಿಟ್ಟರು. ಬ್ರೂನೋ ನಾಯಿ. ಲಿಫ್ಟಿನಲ್ಲಿ ಎರಡು ಸಲ ಉಚ್ಚೆ ಹೊಯ್ದಿದೆ. ಒರೆಸಿದವಳು ಕಲ್ಲವ್ವ. ಒರೆಸುವುದಕ್ಕೆ ಲಿಫ್ಟಿನೊಳಗೆ ಹೋಗಬಹುದು. ಹೋದವಳು ನಿಂತು ಮೇಲಕ್ಕೆ ಹೋಗಬಾರದು. ಎಂಥ ಕಾನೂನು ನೋಡಿ.

ಎರಡು ತಿಂಗಳಲ್ಲಿ ಬಲ ಮೊಣಕಾಲು ಬಾತು ತೆಂಗಿನಕಾಯಿ ಆಯಿತು. ಅವಳು ಇರುವುದು ಸಾನಪಾಡಾದ ಹಳಿಯಾಚೆಯ ಝೋಪಡಿಯಲ್ಲಿ. ಅಲ್ಲಿಯ ಡಾಕ್ಟರು ಕಾಲು ಒತ್ತಿ ನೋಡಿ, ಮೆಟ್ಟಿಲು ಬಿಡು, ಇಲ್ಲದಿದ್ದರೆ ಕಾಲು ಬಿಡು ಎಂದ. ಮೆಟ್ಟಿಲು ಬಿಟ್ಟರೆ ಕೆಲಸ ಬಿಟ್ಟ ಹಾಗೆ. ಕಾಲು ಹೋದರೂ ಕೆಲಸ ಹೋದ ಹಾಗೆ. ಅವಳಿಗಿಂತ ಮೊದಲಿದ್ದವಳನ್ನು ಸೊಂಟ ಹಿಡಿದ ವಾರವೇ ಬಿಡಿಸಿದ್ದರು. ಅದಕ್ಕೇ ಕಲ್ಲವ್ವ ಧೈರ್ಯ ಮಾಡಿ ಸೊಸೈಟಿಯ ಸೆಕ್ರೆಟರಿಯ ಮುಂದೆ ನಿಂತಿದ್ದಳು.

ಸೆಕ್ರೆಟರಿ ರಘುಪತಿಯವರು ಉಡುಪಿ ಕಡೆಯವರು, ಹತ್ತೊಂಬತ್ತನೆಯ ಮಹಡಿ. ಯಾವುದೋ ದೊಡ್ಡ ಕಚೇರಿಯ ಅಂಕಿಅಂಶ ವಿಭಾಗದಲ್ಲಿ ಮೂವತ್ತೈದು ವರ್ಷ ಕೂತು ನಿವೃತ್ತರಾದವರು. ನಿವೃತ್ತಿ ಆಯಿತು, ಚಟ ಹೋಗಲಿಲ್ಲ. ಬೆಳಗಿನ ವಾಕಿಂಗ್ ಎಷ್ಟು ಹೆಜ್ಜೆ, ಹಾರ್ಬರ್ ಲೈನಿನ ರೈಲುಗಾಡಿ ಎಷ್ಟು ನಿಮಿಷ ತಡ, ಎಳನೀರಿನಲ್ಲಿ ನೀರು ಎಷ್ಟು ಲೋಟ, ಎಲ್ಲದಕ್ಕೂ ಡೈರಿ. ಕಲ್ಲವ್ವ ಕಂಡಾಗಲೆಲ್ಲ "ನಾವು ನಾವು ಕನ್ನಡದವರಲ್ವಾ" ಎನ್ನುತ್ತಾರೆ. ನವೆಂಬರಿನಲ್ಲಿ ಒಂದು ಲಾಡು ಕೊಡುತ್ತಾರೆ. ಮೇಲಿನಿಂದ, ಕೈಗೆ ಕೈ ತಾಗದ ಹಾಗೆ.

"ಸಾಹೇಬ್ರ, ಕಾಲು ಹೊಂಟೈತ್ರಿ. ಲಿಫ್ಟಿಗೆ ಬಿಡ್ರಿ," ಎಂದಿದ್ದಳು.

"ಹಾಗೆ ಬಾಯಲ್ಲಿ ಹೇಳಿದ್ರೆ ಕಮಿಟಿ ಕೇಳುದಿಲ್ಲ ಮಾರಾಯ್ತಿ. ದತ್ತಾಂಶ ಬೇಕು, ದತ್ತಾಂಶ!"

ಕಲ್ಲವ್ವನಿಗೆ ಗಾಣಗಾಪುರದ ದತ್ತ ಗೊತ್ತು. ದತ್ತಾಂಶ ಗೊತ್ತಿಲ್ಲ. ಸಾಹೇಬರಿಗೆ ದತ್ತನ ಪ್ರಸಾದ ಬೇಕಾಗಿರಬೇಕು, ಊರಿಂದ ಬರುವವರ ಕೈಲಿ ತರಿಸಿದರಾಯಿತು ಎಂದುಕೊಂಡಳು. ಸಾಹೇಬರು ತಂದದ್ದು ಒಂದು ಫಾರಮ್ಮು. ಸೊಸೈಟಿಯ ಹತ್ತು ಜನ ಕೆಲಸದವರಿಗೂ ಒಂದೇ ಪ್ರಶ್ನೆ: ದಿನಕ್ಕೆ ಎಷ್ಟು ಮಹಡಿ ಹತ್ತುತ್ತೀರಿ? ಆರು ಜನ ವಾಚಮನ್ನರು ಗೇಟಿನಲ್ಲಿ ನಿಲ್ಲುವವರು, ಸೊನ್ನೆ ಎಂದರು. ಮಾಳಿ ತೋಟದವನು, ಸೊನ್ನೆ. ಪಂಪಿನವನು ನೆಲದಡಿಯ ಪಂಪ್ ಖೋಲಿಯಲ್ಲಿ, ಸೊನ್ನೆ. ಅಂಗಳ, ಪಾರ್ಕಿಂಗು ಗುಡಿಸುವ ಸ್ನೇಹಲ್, ಸೊನ್ನೆ. ಕಲ್ಲವ್ವ ಎದೆಯುಬ್ಬಿಸಿ ನಲವತ್ತು ಎಂದಳು. ಬರೆದುಕೊಂಡ ಸಾಹೇಬರ ಮುಖ ಅರಳಿದ್ದನ್ನು ನೋಡಿ, ನನ್ನ ಕೆಲಸ ಆಯಿತು ಎಂದು ನಂಬಿದಳು.

ಅದರ ಫಲವೇ ಈ ಹೊಸ ಚೀಟಿ.

"ಅಂಬಾದಾಸಾ, ಓದೋ ಇದನ್ನ."

ಅಂಬಾದಾಸ ಗೇಟಿನ ವಾಚಮನ್. ಸೊಲ್ಲಾಪುರದ ಕಡೆಯವನು, ಮರಾಠಿ ಓದಲೂ ಬರುತ್ತದೆ, ಕನ್ನಡ ಆಡಲೂ ಬರುತ್ತದೆ. ಕೆಳತುಟಿಯಲ್ಲಿ ಯಾವಾಗಲೂ ಒಂದು ಚಿಟಿಕೆ ತಂಬಾಕು. ಅದನ್ನು ಉಗುಳದೇ ಓದಿದ. ಅಲ್ಲೇ ಆದದ್ದು ಎಡವಟ್ಟು. ಚೀಟಿಯಲ್ಲಿ ಮರಾಠಿಯ ಸರಾಸರಿ ಇತ್ತು. ತಂಬಾಕು ಕೊನೆಯ ಅಕ್ಷರವನ್ನು ನುಂಗಿ ಹಾಕಿತು.

"ಕೆಲಸದವ್ರು ದಿನಾ ಸರಾಸರ್ ಚಾರ್ ಮಜಲೇ. ಲಿಫ್ಟ್ ಇಲ್ಲಂತ ಅಕ್ಕಾ."

"ಏನಂದಿ? ಸರಾಸರ್?"

"ಹೂಂ. ಸರಾಸರ್ ಚಾರ್."

ಸರಾಸರ್ ಎಂಬ ಹಿಂದಿ ಮಾತು ಕಲ್ಲವ್ವನಿಗೆ ಚೆನ್ನಾಗಿ ಗೊತ್ತು. ಟೀವಿ ಸೀರಿಯಲ್ಲಿನ ಅತ್ತೆಯರು ದಿನಕ್ಕೊಮ್ಮೆ ಕೂಗುತ್ತಾರೆ, ಇದು ಸರಾಸರ್ ಸುಳ್ಳು, ಇದು ಸರಾಸರ್ ಅನ್ಯಾಯ ಎಂದು. ಸರಾಸರ್ ಎಂದರೆ ಪೂರಾ, ಎಳ್ಳಷ್ಟೂ ಆಚೀಚೆ ಇಲ್ಲ. ಹಾಗಾದರೆ ಪೂರಾ ನಾಲ್ಕು ಮಹಡಿ. ಅದಕ್ಕೆ ಲಿಫ್ಟ್ ಯಾಕೆ ಬೇಕು? ಬೇಡವೇ ಬೇಡ!

"ಅಯ್ಯ ನನ ಶಿವನ! ನಾಕ ಮಜಲಾ ಅಂದ್ರ ನಾಕ ಮಜಲಾ. ಎಷ್ಟಂದ್ರೂ ಕನ್ನಡದವ್ರು ನೋಡೋ ಸಾಹೇಬ್ರು!"

ನಾಲ್ಕು ಹತ್ತಿದಳು. ನಾಲ್ಕರ ಕಸ ಇಳಿಸಿದಳು. ಮತ್ತೆ ಹತ್ತಿ ಒರೆಸಿದಳು. ಒಂಬತ್ತು ಗಂಟೆಗೆ ತೋಟದ ನಲ್ಲಿಯಲ್ಲಿ ಕೈತೊಳೆದು, ರೊಟ್ಟಿ ಗಂಟು ಬಿಚ್ಚಿದಳು. ಅಂಗಳ ಗುಡಿಸುತ್ತಿದ್ದ ಸ್ನೇಹಲ್ ಹಾಗೇ ನಿಂತಳು. ಸ್ನೇಹಲ್ ಇಂಡಿ ತಾಲೂಕಿನವರ ಮಗಳೇ, ಆದರೆ ಹುಟ್ಟಿದ್ದು ಇಲ್ಲಿ. ಕನ್ನಡ ಪೂರಾ ತಿಳಿಯುತ್ತದೆ, ಬಾಯಿ ತೆರೆದರೆ ಹಿಂದಿ ಬೀಳುತ್ತದೆ.

"ಮಾವಶಿ, ಇತನಾ ಜಲ್ದೀ? ಹೋ ಗಯಾ?"

"ನಂದು ಸರಾಸರ್ ಮುಗೀತವ್ವ. ಬಾ, ರೊಟ್ಟಿ ತಿನ್ನು."

ರೊಟ್ಟಿ ಮುಗಿಯುವ ಮೊದಲೇ ಐದನೆಯ ಮಹಡಿಯಿಂದ ಗಲಾಟೆ ಶುರುವಾಯಿತು. ಇಂಟರ್‌ಕಾಮು ಒಂದೇ ಸಮನೆ ಕುಂಯ್‌ಗುಟ್ಟಿತು. ಲಿಫ್ಟಿನಿಂದ ರಘುಪತಿಯವರು ಚಪ್ಪಲಿ ಅದಲುಬದಲು ಹಾಕಿಕೊಂಡು ಬಂದರು.

"ಎಂತ ಮಾರಾಯ್ತಿ ಇದು? ಐದರಿಂದ ಮೇಲೆ ಕಸ ಹಾಗೇ ಉಂಟು!"

"ಚೀಟಿಯಾಗ ನೀವ ಬರ್ದೀರಲ್ರಿ ಸಾಹೇಬ್ರ. ಸರಾಸರ್ ನಾಕ ಮಜಲಾ."

"ಸರಾಸರ್ ಅಲ್ಲ! ಸರಾಸರಿ, ಸರಾಸರಿ!"

ಅಷ್ಟೇ. ಕಸ ಮರೆತೇ ಹೋಯಿತು. ತಪ್ಪು ಲೆಕ್ಕ ಕಿವಿಗೆ ಬಿದ್ದರೆ ಈ ಮನುಷ್ಯನಿಗೆ ಊಟ ಸೇರುವುದಿಲ್ಲ. ಲಿಫ್ಟಿನ ಬಾಗಿಲಿನ ಚೀಟಿಯನ್ನು ಕಿತ್ತು ತಂದು, ಹಿಂಬದಿಗೆ ತಿರುಗಿಸಿ, ಜೇಬಿನ ಪೆನ್ನು ತೆಗೆದರು. ಸಾಲಾಗಿ ಒಂಬತ್ತು ಸೊನ್ನೆ ಬರೆದರು. ಕೊನೆಗೆ ನಲವತ್ತು ಬರೆದರು.

"ನೋಡು. ಹತ್ತು ಜನ. ನಲವತ್ತು ಇಡ್ಲಿ ಉಂಟು ಅಂತ ಇಟ್ಕೋ. ಸಮ ಹಂಚಿದ್ರೆ ತಲೆಗೆ ಎಷ್ಟು?"

"ನಾಕು."

"ಅದೇ ಸರಾಸರಿ. ಎಲ್ಲಾ ಕೂಡಿಸುದು, ತಲೆಯಿಂದ ಭಾಗಿಸುದು. ನಮ್ಮ ಸೊಸೈಟಿಯ ಕೆಲಸದವರು ದಿನಕ್ಕೆ ನಾಲ್ಕೇ ಮಹಡಿ ಹತ್ತುದು. ನಾಲ್ಕಕ್ಕೆಲ್ಲ ಲಿಫ್ಟ್ ಯಾರು ಕೊಡ್ತಾರೆ?"

ಕಲ್ಲವ್ವ ಹಾಳೆ ನೋಡಿದಳು. ಅಂಕಿ ಅವಳಿಗೆ ಓದಲು ಬರುತ್ತದೆ.

"ಹಂಚಿದ್ರ ನಾಕ್ರಿ. ಎಲ್ಲಿ ಹಂಚೀರಿ? ನಲವತ್ತೂ ಇಡ್ಲಿ ನನ್ನ ಬಾಯಾಗ ತುರುಕೀರಿ. ಉಳದ ಒಂಬತ್ತು ಮಂದಿ ಹೊಟ್ಟಿ ಖಾಲಿ. ಅವ್ರಿಗೆ ನಾಕ ಇಡ್ಲಿದು ತೇಗು ಬರತೈತೇನ್ರಿ?"

ಸ್ನೇಹಲ್ ಪೊರಕೆಗೆ ಮುಖ ಮುಚ್ಚಿ ನಕ್ಕಳು. ಅಂಬಾದಾಸ ತಂಬಾಕು ಉಗುಳಲು ದೂರ ಹೋದ. ರಘುಪತಿಯವರಿಗೆ ಬೇಜಾರಾಗಲಿಲ್ಲ, ಹುರುಪು ಬಂತು. ಮೂವತ್ತೈದು ವರ್ಷದಲ್ಲಿ ಅವರ ಲೆಕ್ಕಕ್ಕೆ ಯಾರೂ ಮರುಪ್ರಶ್ನೆ ಕೇಳಿರಲಿಲ್ಲವೋ ಏನೋ.

"ಸರಾಸರಿ ಇಲ್ಲದೆ ಪ್ರಪಂಚವೇ ಇಲ್ಲ ಮಾರಾಯ್ತಿ. ಲಿಫ್ಟಿನೊಳಗೆ ಫಲಕ ಕಂಡಿದ್ದೀಯಾ? ಹತ್ತು ಜನ, ಆರುನೂರ ಎಂಬತ್ತು ಕಿಲೋ. ಅಂದ್ರೆ ಒಬ್ಬೊಬ್ಬರು ಸರಾಸರಿ ಅರವತ್ತೆಂಟು. ಜಾಸ್ತಿಯಾದ್ರೆ ಕಿರುಚ್ತದೆ, ಮೇಲೆ ಹೋಗುದಿಲ್ಲ. ಲಿಫ್ಟಿಗೂ ಗೊತ್ತುಂಟು ಲೆಕ್ಕ! ಸರಿ, ಸರಾಸರಿ ನಿಂಗೆ ಬೇಡವಾ? ಮಧ್ಯಾಂಕ ತಕ್ಕೋ. ಸಣ್ಣದರಿಂದ ದೊಡ್ಡದಕ್ಕೆ ಸಾಲು ನಿಲ್ಲಿಸುದು, ನಡುವೆ ಯಾರು ನಿಂತಿದ್ದಾರೋ ಅವರನ್ನು ಕೇಳುದು. ನಡುವೆ ಎಂತ ಉಂಟು?"

"ಸೊನ್ನಿ."

"ಸೊನ್ನೆ! ಅಂದ್ರೆ ನಮ್ಮ ನಡುವಿನ ಕೆಲಸದವ ಮೆಟ್ಟಿಲೇ ಹತ್ತುದಿಲ್ಲ. ಅದೂ ಬೇಡವಾ? ಮೂರನೇದು ರೂಢಿಬೆಲೆ. ಯಾವುದು ಹೆಚ್ಚು ಸಲ ಬರ್ತದೋ ಅದು. ಅದೂ ಸೊನ್ನೆ. ಮೂರು ಲೆಕ್ಕ ಮಾಡಿದೆ ನೋಡು. ನಾಲ್ಕಂತೂ ನಿಂಗೆ ದಾಕ್ಷಿಣ್ಯಕ್ಕೆ ಬರೆದದ್ದು."

ದಾಕ್ಷಿಣ್ಯವಂತೆ! ಕಲ್ಲವ್ವನಿಗೆ ನಗುವೂ ಬಂತು, ಉರಿಯೂ ಬಂತು.

"ರೂಢಿ ಗೊತ್ತೈತಿ ಬಿಡ್ರಿ ಸಾಹೇಬ್ರ. ನಮ್ಮೂರಾಗ ನಾವು ಯಾವ ಓಣಿಯಾಗ ಚಪ್ಪಲಿ ಮೆಟ್ಟಬೇಕು, ಯಾವ ಓಣಿಯಾಗ ಕೈಯಾಗ ಹಿಡಕೊಂಡು ಹೋಗಬೇಕು, ಎಲ್ಲಾ ರೂಢಿ. ಅದಕ್ಕೊಂದು ಬೆಲೆ ಐತಿ ಅಂತ ಇವತ್ತ ತಿಳೀತು."

ರಘುಪತಿಯವರು ಕೆಮ್ಮಿದರು. ಆಮೇಲೆ ಗಡಿಬಿಡಿಯಲ್ಲಿ ಆ ನಲವತ್ತರ ಸುತ್ತ ಒಂದು ಗೆರೆ ಸುತ್ತಿದರು.

"ತಕರಾರು ಬರುದು ಇದೊಂದರಿಂದ. ಈ ನಲವತ್ತು ಎಲ್ಲರ ಹಾಗೆ ಇಲ್ಲ. ಇಂಥದ್ದಕ್ಕೆ ಹೊರಗಿನ ಸಂಖ್ಯೆ ಅಂತೇವೆ. ಹೊರಗಿನದನ್ನು ಹೊರಗಿಟ್ಟು ಲೆಕ್ಕ ಮಾಡುದು ಪದ್ಧತಿ."

ಹೇಳಿ ನಲವತ್ತರ ಮೇಲೆ ಅಡ್ಡಗೆರೆ ಎಳೆದರು. ಕಲ್ಲವ್ವನ ನಗು ಅಲ್ಲಿಗೆ ನಿಂತಿತು.

ಎರಡನೆಯ ಇಯತ್ತೆಯಲ್ಲಿ ಅವಳನ್ನು ಸಾಲೆಯ ಹೊಸ್ತಿಲಾಚೆ ಕೂರಿಸುತ್ತಿದ್ದರು. ಒಳಗಿನ ಪಾಠ ಹೊರಗೆ ಬಂದಷ್ಟು ಅವಳದು. ಅಂಕಿ ಕಲಿತದ್ದು ಹಾಗೆ. ಒಂದು ದಿನ ಇನ್‌ಸ್ಪೆಕ್ಟರು ಬಂದರು. ಮಾಸ್ತರು ಹುಡುಗರನ್ನು ಎಣಿಸಿ ಇಪ್ಪತ್ತೆಂಟು ಎಂದರು. ಹೊರಗಿನಿಂದ ಕಲ್ಲವ್ವ ಕೂಗಿದಳು, "ಇಪ್ಪತ್ತೊಂಬತ್ರಿ ಸರ!" ಅವಳಿಗೆ ಶಾಬಾಸ್ ಬೇಕಿತ್ತು. ಸಿಕ್ಕದ್ದು ಕೆನ್ನೆಗೆ ಏಟು. ಮರುದಿನದಿಂದ ಸಾಲೆ ಬಿಟ್ಟಳು. ನಲವತ್ತು ವರ್ಷ ಆಯಿತು, ಆ ಲೆಕ್ಕ ಇನ್ನೂ ತಪ್ಪೇ ಇದೆ.

"ನಾಳೆಯಿಂದ ಇಪ್ಪತ್ತೂ ಮಹಡಿ ಆಗ್ಬೇಕು ಆಯ್ತಾ? ಇಲ್ಲದಿದ್ರೆ ಕಮಿಟಿಯವರು ಬೇರೆ ಜನ ನೋಡ್ತಾರೆ. ಆಮೇಲೆ ನನ್ನನ್ನು ಕೇಳ್ಬೇಡ," ಎಂದು ರಘುಪತಿಯವರು ಲಿಫ್ಟು ಹತ್ತಿದರು. ಹಾಳೆ ಅಲ್ಲೇ ಬಿಟ್ಟಿದ್ದರು. ಕಲ್ಲವ್ವ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಮರುದಿನ ಬೆಳಗ್ಗೆ ಎಂಟು ಗಂಟೆ. ವಾಚಮನ್ನರ ಪಾಳಿ ಬದಲಾಗುವ ಹೊತ್ತು. ಬಿಟ್ಟು ಹೋಗುವ ಮೂವರು, ಬರುವ ಮೂವರು, ಮಾಳಿ, ಪಂಪಿನವನು, ಸ್ನೇಹಲ್. ಕಲ್ಲವ್ವ ಹಾಳೆ ಬಿಚ್ಚಿ ಗೇಟಿನ ಮೇಜಿನ ಮೇಲೆ ಹರಡಿದಳು.

"ನೋಡ್ರೆಪ್ಪಾ. ಈ ಹೊಡದು ಹಾಕಿದ್ದು ನಾನು. ಇವು ಒಂಬತ್ತು ಸೊನ್ನಿ ಅದಾವಲ್ಲ, ಇವು ಯಾರು ಗೊತ್ತೈತೇನು?"

ಯಾರಿಗೂ ಗೊತ್ತಿಲ್ಲ.

"ನೀವು."

ಅಂಬಾದಾಸ ಹಾಳೆಯನ್ನು ಹತ್ತಿರ ಎಳೆದುಕೊಂಡ. ತಂಬಾಕು ಉಗುಳಿದ. ಅಷ್ಟು ಸಿಟ್ಟು ಬಂದಿತ್ತು.

"ನಾ ಸೊನ್ನಿ? ಹನ್ನೆರಡು ತಾಸ ನಿಂತೀನಿ ಅಕ್ಕಾ ಇಲ್ಲಿ! ಕುರ್ಚಿ ಕೊಟ್ಟಿಲ್ಲ. ಸಂಜೀಗೆ ಬೂಟು ಬಿಚ್ಚಾಕ ಬರಂಗಿಲ್ಲ, ಕಾಲು ಹಂಗ ಬಾತಿರತಾವು. ಸೊನ್ನಿ ಅಂತ!"

ಮಾಳಿ ತನ್ನ ಅಂಗೈ ನೋಡಿಕೊಂಡ. ಪಂಪಿನವನು ಮೊಣಕಾಲುದ್ದ ನೀರಿನಲ್ಲಿ ನಿಂತು ಮೋಟರು ಎತ್ತಿದ್ದನ್ನು ಹೇಳತೊಡಗಿದ. ಸ್ನೇಹಲ್ ಮೊದಲ ಸಲ ಕನ್ನಡದಲ್ಲಿ ಬೈದಳು. ಏನೆಂದು ಬೈದಳು ಎನ್ನುವುದು ಇಲ್ಲಿ ಬೇಡ. ತನ್ನವ್ವನಿಂದ ಕಲಿತಿರಬೇಕು, ಚೊಕ್ಕವಾಗಿತ್ತು.

"ಸಿಟ್ಟ ಆಗಬ್ಯಾಡ್ರಿ," ಎಂದಳು ಕಲ್ಲವ್ವ. "ಸಾಹೇಬ್ರು ದೊಡ್ಡವ್ರು, ಲೆಕ್ಕ ತಪ್ಪಂಗಿಲ್ಲ. ಒಬ್ಬೊಬ್ಬರು ನಾಕ ಮಜಲಾ ಹತ್ತತಾರ ಅಂತ ಸಿಕ್ಕಾ ಹೊಡ್ದಾರ. ಬರ್ರಿ, ಹತ್ತೂಣು. ನಾಕು ಅಂದ್ರ ನಾಕು. ಒಂದು ಪಾವಟಿಗಿ ಹೆಚ್ಚಿಲ್ಲ, ಒಂದು ಕಡಿಮಿ ಇಲ್ಲ."

ಹತ್ತಿದರು. ಹತ್ತೂ ಜನ ಹತ್ತಿದರು. ಬೂಟಿನ ವಾಚಮನ್ನರು ಸೀಟಿ ಕೊರಳಿಗೆ ಹಾಕಿಕೊಂಡೇ ಪೋಚಾ ಹಿಡಿದರು. ಮಾಳಿ ಗಿಡಕ್ಕೆ ನೀರು ಹಾಕುವ ಝಾರಿಯಿಂದ ಮೆಟ್ಟಿಲಿಗೆ ನೀರು ಹಾಕಿದ. ಮೊದಲ ನಾಲ್ಕು ಮಹಡಿ ಒಂದೇ ದಿನದಲ್ಲಿ ಹತ್ತು ಸಲ ಒರೆಸಿಕೊಂಡು ಕನ್ನಡಿ ಆಯಿತು. ಮೂರನೆಯ ಮಹಡಿಯ ಅಜ್ಜಿ ಆನಂದದಿಂದ ಎಲ್ಲರಿಗೂ ಚಹಾ ಮಾಡಿಕೊಟ್ಟಳು. ಐದನೆಯ ಮಹಡಿಯವರು ಒಂದು ಮೆಟ್ಟಿಲು ಮೇಲೆ ನಿಂತು, "ಅರೇ, ಇಲ್ಲಿಗೂ ಬನ್ನಿ" ಎಂದು ಅಂಗಲಾಚಿದರು. ಅಂಬಾದಾಸ ಸೆಲ್ಯೂಟ್ ಹೊಡೆದು, ಸರಾಸರಿ ಮುಗಿದಿದೆ ಎಂದು ಮರಾಠಿಯಲ್ಲಿ ತಿಳಿಸಿದ. ಈ ಸಲ ಬಾಯಲ್ಲಿ ತಂಬಾಕು ಇರಲಿಲ್ಲ, ರಿ ಸ್ಪಷ್ಟವಾಗಿ ಕೇಳಿಸಿತು.

ಅತ್ತ ಗೇಟಿನಲ್ಲಿ ಯಾರೂ ಇಲ್ಲ. ಒಂದು ಎಮ್ಮೆ ನಿಧಾನವಾಗಿ ಒಳಗೆ ಬಂದು ಸದಸ್ಯರಿಗೆ ಮಾತ್ರ ಎಂದು ಫಲಕ ಹಾಕಿದ ಹುಲ್ಲನ್ನು ಮೇಯಿತು. ಪಂಪಿನವನು ಮೆಟ್ಟಿಲ ಮೇಲಿದ್ದ, ಪಂಪು ಹಚ್ಚುವವರಿಲ್ಲ. ಹದಿನೈದರಿಂದ ಮೇಲೆ ಮಧ್ಯಾಹ್ನದವರೆಗೆ ನೀರು ಬರಲಿಲ್ಲ.

ಸಂಜೆ ರಘುಪತಿಯವರು ಬಂದಾಗ ಮುಖ ಕೆಂಪಾಗಿತ್ತು.

"ನಿನ್ನದೇ ಕಿತಾಪತಿ ಇದು. ನಿನ್ನೊಬ್ಬಳನ್ನು ತೆಗೆದ್ರೆ ಎಲ್ಲಾ ಸರಿ ಆಗ್ತದೆ!"

ಕೆಲಸ ಹೋದರೆ ಸಾನಪಾಡಾದ ಆ ಖೋಲಿಗೆ ಬರಿಗೈಲಿ ಹೋಗಬೇಕು. ಆದರೆ ಕಲ್ಲವ್ವನ ಬಾಯಿಗೆ ಬಂದ ಮಾತು ನಿಲ್ಲಲಿಲ್ಲ.

"ತೆಗೀರಿ. ನನ್ನ ತಗದ್ರ ನಿಮ್ಮ ಸರಾಸರಿ ಪೂರಾ ಸೊನ್ನಿ ಆಗತೈತಿ. ಚಂದ ಕಾಣತೈತಿ ಹಾಳಿ ಮ್ಯಾಲ. ಆಮ್ಯಾಲ ಇಪ್ಪತ್ತು ಮಜಲಾದ ಕಸ ಎಷ್ಟ ಆಗತೈತಿ, ಅದನ್ನೂ ಡೈರಿಯಾಗ ಬರೀರಿ."

ತೆಗೆಯಲು ನೋಡಿದರು, ಸುಳ್ಳಲ್ಲ. ಮರುದಿನ ಆಳು ಒದಗಿಸುವ ಠೇಕೇದಾರನೊಬ್ಬ ಗಟ್ಟಿಮುಟ್ಟಾದ ಆಳೊಬ್ಬನನ್ನು ಕಳಿಸಿದ. ಅವನು ಕತ್ತೆತ್ತಿ ಟವರು ನೋಡಿದ. ಲಿಫ್ಟ್ ಎಲ್ಲಿ ಎಂದು ಕೇಳಿದ. ಇಲ್ಲ ಎಂದದ್ದಕ್ಕೆ ಒಂದು ಲೋಟ ನೀರು ಕುಡಿದು ಹೊರಟುಹೋದ.

ಮೂರನೆಯ ದಿನ ಟವರಿನ ಹದಿನಾರು ಮಹಡಿ ನಾರತೊಡಗಿತು. ಹತ್ತೊಂಬತ್ತರಲ್ಲಿ ಎದುರು ಮನೆಯವರು ಸಿಗಡಿ ಮಾಡಿದ್ದರು. ಸಿಪ್ಪೆಯ ಚೀಲ ರಘುಪತಿಯವರ ಬಾಗಿಲ ಮಗ್ಗುಲಿಗೇ ಇತ್ತು. ಮನೆಯವರು ತಾಳಲಾರದೆ ತಮ್ಮ ತಮ್ಮ ಕಸ ತಾವೇ ಹಿಡಿದು ಲಿಫ್ಟಿನಲ್ಲಿ ಇಳಿಯತೊಡಗಿದರು. ಹನ್ನೆರಡನೆಯ ಮಹಡಿಯ ಆ ಮೂಗಿನವರೂ ಇಳಿದರು. ಕಲ್ಲವ್ವ ಕೆಳಗೆ ಕಸದ ಡ್ರಮ್ಮಿನ ಪಕ್ಕ ಕೂತು ನೋಡಿದಳು.

ರಘುಪತಿಯವರ ಹೆಂಡತಿ ರಮಾಮಣಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಚೀಲ ತಂದರು.

"ಇದನ್ನೆಲ್ಲಿ ಹಾಕುದು ಕಲ್ಲವ್ವ?"

"ಹಸೀದು ಆ ಕಡೆ, ಒಣದು ಈ ಕಡೆ ಬಾಯಾರ."

"ಎಂಥ ನಾತ ಮಾರಾಯ್ತಿ ಲಿಫ್ಟಲ್ಲಿ!"

"ಎರಡು ತಿಂಗಳಾತು ನಾ ಲಿಫ್ಟ್ ಹತ್ತಿಲ್ರಿ. ಯಾರ್ದಿರಬೇಕ್ರಿ ಅದು?"

ರಮಾಮಣಿ ಕೈಯ ಚೀಲ ನೋಡಿದರು. ಆಮೇಲೆ ಸಣ್ಣಗೆ, "ನಮ್ದೇ," ಎಂದರು. ಹೋಗುವಾಗ ತಿರುಗಿ ಹೇಳಿದರು, "ಅವರಿಗೆ ಹೇಳಿ ಹೇಳಿ ನಂಗೂ ಸಾಕಾಯ್ತು. ಶುಗರು ಸರಾಸರಿಯಲ್ಲಿ ಸರಿ ಉಂಟು ಅಂತ ನಿನ್ನೆ ಮೂರು ಜಿಲೇಬಿ ತಿಂದ್ರು. ಬೆಳಗ್ಗೆ ಎದ್ದು ತಲೆ ತಿರುಗ್ತದೆ ಅಂತ ಕೂತಿದ್ದಾರೆ."

ನಾಲ್ಕನೆಯ ಬೆಳಗ್ಗೆ ಎಂಟಕ್ಕೆ ರಘುಪತಿಯವರೇ ಹೊಸ ಚೀಟಿ ಹಿಡಿದು ಬಂದರು. ಮುಖದಲ್ಲಿ ಗೆದ್ದವರ ಕಳೆ. ಕಮಿಟಿ ದೊಡ್ಡ ಮನಸ್ಸು ಮಾಡಿದೆಯಂತೆ.

"ಕೇಳು. ಒಂದು ದಿನ ಲಿಫ್ಟು, ಒಂದು ದಿನ ಮೆಟ್ಟಿಲು. ಲಿಫ್ಟಿನ ದಿನ ಸೊನ್ನೆ, ಮೆಟ್ಟಿಲಿನ ದಿನ ನಲವತ್ತು. ಸರಾಸರಿ ಇಪ್ಪತ್ತಾಯ್ತು. ಅರ್ಧಕ್ಕೆ ಅರ್ಧ ಕಮ್ಮಿ! ನಾವು ನಾವು ಕನ್ನಡದವರು ಅಂತ ಇಷ್ಟು ಮಾಡಿಸಿದ್ದು."

ಕಲ್ಲವ್ವ ಸೀರೆಯನ್ನು ಮೊಣಕಾಲ ತನಕ ಎತ್ತಿದಳು. ಸಾಹೇಬರು ಮುಖ ತಿರುಗಿಸಿದರು. "ಆ ಕಡೆ ಯಾಕ ನೋಡ್ತೀರಿ? ಇಲ್ಲಿ ನೋಡ್ರಿ," ಎಂದಳು. ಬಾತು ನೀಲಿಗಟ್ಟಿದ ಕಾಲು.

"ಇದಕ್ಕೂ ಒಂದು ಚೀಟಿ ಬರೀರಿ ಸಾಹೇಬ್ರ. ಒಂದಿನ ನೋಯಿ, ಒಂದಿನ ನೋಯಬ್ಯಾಡ ಅಂತ. ಅದು ಓದಿ ಹೂಂ ಅಂದ್ರ ನಾನೂ ಹೂಂ ಅಂತೀನಿ."

"ಹಾಗೆಲ್ಲ ಹಟ ಮಾಡಿದ್ರೆ..."

"ನಾ ಹತ್ತಂಗಿಲ್ಲ. ಇವತ್ತೂ ಹತ್ತಂಗಿಲ್ಲ. ನಾಳೆನೂ ಹತ್ತಂಗಿಲ್ಲ. ಈ ಕಾಲು ನಿಮ್ಮ ಹಾಳಿ ಮ್ಯಾಲಿಂದಲ್ಲ, ನಂದು."

ಸೀರೆ ಬಿಟ್ಟಳು. ಕಸದ ಡ್ರಮ್ಮನ್ನು ಉರುಳಿಸಿಕೊಂಡು ಲಿಫ್ಟಿನ ಮುಂದೆ ಹೋದಳು. ಗುಂಡಿ ಒತ್ತಿದಳು. ಬಾಗಿಲು ತೆರೆಯಿತು. ಬಾಗಿಲಿಗೆ ಏನು ಗೊತ್ತು ಯಾರು ಒತ್ತಿದ್ದು ಎಂದು. ಡ್ರಮ್ಮು ಒಳಗೆ ತಳ್ಳಿ, ತಾನೂ ಒಳಗೆ ನಿಂತಳು. ಎರಡು ತಿಂಗಳಲ್ಲಿ ಒರೆಸಲಿಕ್ಕಲ್ಲದೆ ಒಳಗೆ ಬಂದದ್ದು ಇದೇ ಮೊದಲು.

ಸ್ನೇಹಲ್ ಪೊರಕೆ ಸಮೇತ ಬಂದು ಪಕ್ಕದಲ್ಲಿ ನಿಂತಳು. ಅಂಬಾದಾಸ ಬಂದ. ಮಾಳಿ ಬಂದ, ಪಂಪಿನವನು ಬಂದ. ಉಳಿದ ಐವರು ವಾಚಮನ್ನರು ಬೂಟು ಟಪಟಪ ಎನಿಸುತ್ತ ಬಂದರು. ಹತ್ತು ಜನ, ಒಂದು ಡ್ರಮ್ಮು. ಲಿಫ್ಟು ಕಿರುಚಲಿಲ್ಲ. ಸೊನ್ನೆಗಳಿಗೆ ಭಾರ ಎಷ್ಟಿರುತ್ತದೆ? ಹನ್ನೆರಡು ತಾಸು ನಿಂತವರ ಮೈಯಲ್ಲಿ ಅರವತ್ತೆಂಟು ಕಿಲೋ ಎಲ್ಲಿ ಉಳಿಯಬೇಕು?

"ಏಯ್, ಏಯ್! ಎಂತ ಮಾಡ್ತಿದ್ದೀರಿ? ಹೊರಗೆ ಬನ್ನಿ ಎಲ್ಲಾ! ನಾನು ಮೇಲೆ ಹೋಗಿ ಚೇರ್ಮನ್‌ಗೆ ಫೋನ್ ಮಾಡ್ಬೇಕು!" ರಘುಪತಿಯವರು ಓಡಿ ಬಂದು ಒಂದು ಕಾಲು ಒಳಗಿಟ್ಟರು. ಇನ್ನೊಂದೂ ಇಟ್ಟರು.

ಲಿಫ್ಟು ಕಿರುಚಿತು.

ಕೀಂ ಎಂದು ಒಂದೇ ಸಮನೆ. ಬಾಗಿಲು ಮುಚ್ಚಲೊಲ್ಲದು. ರಘುಪತಿಯವರು ಫಲಕ ನೋಡಿದರು. ಹತ್ತು ಜನ, ಆರುನೂರ ಎಂಬತ್ತು ಕಿಲೋ. ಒಳಗಿದ್ದವರನ್ನು ನೋಡಿದರು. ತುಟಿ ಅಲುಗಿತು, ಎಣಿಸುತ್ತಿದ್ದರು. ಪಾಪ, ಚಟ.

"ಯಾರಾದ್ರೂ ಒಬ್ರು ಇಳೀಬೇಕು," ಎಂದರು. ದನಿ ಸಣ್ಣದಾಗಿತ್ತು.

ಯಾರೂ ಅಲುಗಲಿಲ್ಲ. ಕಲ್ಲವ್ವ ಕುಪ್ಪಸದಿಂದ ಆ ಹಾಳೆ ತೆಗೆದಳು. ಒಂಬತ್ತು ಸೊನ್ನೆ, ಒಂದು ಅಡ್ಡಗೆರೆ. ಬೆವರಿಗೆ ಶಾಯಿ ಹರಡಿತ್ತು. ಅದನ್ನು ಸಾಹೇಬರ ಕೈಗೆ ಕೊಟ್ಟಳು. ಕೈಗೆ ಕೈ ತಾಗಿಸಿಯೇ ಕೊಟ್ಟಳು.

"ನೀವ ಹೇಳೀರಲ್ರಿ ಸಾಹೇಬ್ರ. ಎಲ್ಲಾರ ಹಂಗ ಇಲ್ಲದ್ದು ಯಾವ್ದೈತಿ, ಅದನ್ನ ಹೊರಗಿಡೂದು ಪದ್ಧತಿ."

ರಘುಪತಿಯವರು ಒಂದು ಕಾಲು ತೆಗೆದರು. ಕಿರುಚು ನಿಲ್ಲಲಿಲ್ಲ. ಇನ್ನೊಂದೂ ತೆಗೆದರು. ನಿಂತಿತು. ಹಾಳೆ ಹಿಡಿದುಕೊಂಡು ಹೊರಗೆ ನಿಂತ ಅವರ ಮುಖದ ಮೇಲೆ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಗುಂಡಿಗಳ ಹತ್ತಿರ ಸಿಕ್ಕಿಕೊಂಡಿದ್ದವನು ಅಂಬಾದಾಸ.

"ಅಕ್ಕಾ, ನಾಕನೇದು ಒತ್ತಲೇನು?"

"ಇಪ್ಪತ್ತು ಒತ್ತೋ," ಎಂದಳು ಕಲ್ಲವ್ವ.